ಎಂಜಿನ್ ನಿಂತರೆ ಚಪ್ಪಾಳೆ

ಏಪ್ರಿಲ್ ೪

ತಂಗೀ,

ನಿನ್ನ ಮಗಳು ಬಂದು ಇಳಿದಿದ್ದಾಳೆ. ಇಲ್ಲಿ ನಾನು ಕ್ಷೇಮ, ನಿನ್ನ ಅತ್ತಿಗೆ ಕ್ಷೇಮ, ಗಾಡಿಯ ಮುಂದಿನ ಬಂಪರ್ ಮಾತ್ರ ಅಷ್ಟೊಂದು ಕ್ಷೇಮವಿಲ್ಲ. ಮೊನ್ನೆ ಗಾಡಿ ಕಲಿಯಲು ಬಂದ ಒಬ್ಬ ಹಲ್ಲಿನ ಡಾಕ್ಟರು ಅದನ್ನು ಅಂಚೆ ಡಬ್ಬಕ್ಕೆ ಪರಿಚಯ ಮಾಡಿಸಿದರು.

ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಅಳುತ್ತೀಯ, ಆದ್ದರಿಂದ ಏನಿದ್ದರೂ ಬರೆದೇ ತಿಳಿಸು ಅಂದೆಯಲ್ಲ, ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ಕ್ಲಾಸಿಗೇ ಬೆಂಚು ಬಿಟ್ಟು ಎದ್ದವನ ಅಕ್ಷರ ಇದು. ಕೋರ್ಟಿನಲ್ಲಿ ಟೈಪು ಹೊಡೆಯುವ ನಿನ್ನ ಕೈ ಕೆಂಪು ಪೆನ್ನಿಗೆ ಹೋದರೆ ಹೋಗಲಿ, ನನಗೇನೂ ನಾಚಿಕೆಯಿಲ್ಲ. ಇಲ್ಲಿ ಸ್ಟೇರಿಂಗ್ ಹಿಡಿದಿರುವ ಅರ್ಧ ಜನಕ್ಕೆ ಕಲಿಸಿದವನು ನಾನು. ಬ್ರೇಕು ಯಾವುದು, ಬಾಗಿಲಿನ ಹಿಡಿ ಯಾವುದು ಎಂದು ತಿಳಿಯದ ನಿವೃತ್ತ ಪೊಲೀಸನನ್ನು ಹೆದ್ದಾರಿಗೆ ಬಿಟ್ಟಿದ್ದೇನೆ. ಹನ್ನೊಂದು ವರ್ಷದ ಹುಡುಗಿ ನನಗೆ ಯಾವ ಲೆಕ್ಕ?

ಬಸ್ಸಿನಿಂದ ಇಳಿದವಳೇ ನನ್ನ ಬೋರ್ಡು ನೋಡಿದಳು. 'ಗ್ಯಾರಂಟಿ ಡ್ರೈವಿಂಗ್ ಶಾಲೆ.' ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಮಾವ, ಏನು ಗ್ಯಾರಂಟಿ? ಲೈಸೆನ್ಸಾ, ಆಕ್ಸಿಡೆಂಟಾ?" ಅಂಗಡಿ ಮುಂದೆ ಕೂತಿದ್ದ ಇಬ್ಬರು ಹೊಸ ಗಿರಾಕಿಗಳು ಎದ್ದು ಹೋದರು. ನಾನು ಅವಳಿಗೆ ಅಲ್ಲೇ ವಕೀಲಮ್ಮ ಎಂದು ಹೆಸರಿಟ್ಟೆ.

ಅದೇ ವಕೀಲಮ್ಮ ಸಂಜೆ ಹಾವು ಏಣಿ ಆಟದಲ್ಲಿ ದೊಡ್ಡ ಹಾವಿನ ಬಾಯಿಗೆ ಬಿದ್ದು, ನೆಲದ ಮೇಲೆ ಬೋರಲು ಮಲಗಿ, ಕಾಲು ಬಡಿದು ಅತ್ತಳು. ಜೊತೆಗೆ ತಂದಿದ್ದ ಅವಳ ಹಳೆಯ ದಿಂಬಿನ ಕವರು ಕೈಗೆ ಕೊಟ್ಟ ಮೇಲೇ ನಿಂತದ್ದು. ಬಾಯಿಗೆ ಐವತ್ತು ವರ್ಷ, ಅಳುವಿಗೆ ನಾಲ್ಕು. ಇರಲಿ ಬಿಡು. ಜೂನಿನ ಮರುಪರೀಕ್ಷೆಗೆ ಅವಳನ್ನು ಮಿರಿಮಿರಿ ಮಿಂಚುವಂತೆ ಪಾಲಿಶ್ ಹಾಕಿ ಕಳಿಸುತ್ತೇನೆ. ನೀನು ನಿಶ್ಚಿಂತೆಯಾಗಿರು.

ನಿನ್ನ ಅಣ್ಣ

*

ಏಪ್ರಿಲ್ ೧೧

ಅಣ್ಣ,

ನೀನು ನಿಶ್ಚಿಂತೆಯಾಗಿರು ಅಂದಾಗಲೆಲ್ಲ ನನ್ನ ಚಿಂತೆ ಶುರುವಾಗುವುದು. ಇದು ತಮಾಷೆಯಲ್ಲ ಎಂದು ಮತ್ತೊಮ್ಮೆ ಹೇಳುತ್ತೇನೆ, ಕೇಳು.

ವಾರ್ಷಿಕ ಪರೀಕ್ಷೆಯಲ್ಲಿ ಮೂರು ಪೇಪರು ಖಾಲಿ ಕೊಟ್ಟು ಬಂದಳು. ವಿಜ್ಞಾನದ್ದರಲ್ಲಿ ಮಾತ್ರ ಒಂದು ವಾಕ್ಯ ಬರೆದಿದ್ದಳು: 'ಇವುಗಳ ಉತ್ತರ ಟೀಚರಿಗೆ ಮೊದಲೇ ಗೊತ್ತಿದೆ, ನನ್ನನ್ನು ಯಾಕೆ ಕೇಳುತ್ತಾರೆ?' ಹೆಡ್‌ಮಿಸ್ಟ್ರೆಸ್ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. "ಬುದ್ಧಿ ದೊಡ್ಡೋರದ್ದು, ಬೆಳವಣಿಗೆ ಮಗೂದು. ಕ್ಲಾಸಲ್ಲಿ ಅಳ್ತಾಳೆ ರೀ. ಮೂರೂ ಪೇಪರು ಪಾಸಾಗ್ಲಿ, ಇಲ್ಲಾಂದ್ರೆ ಕೆಳಗಿನ ಕ್ಲಾಸಲ್ಲಿ ಕೂರಲಿ, ಅದೂ ಬೇಡ ಅಂದ್ರೆ ಬೇರೆ ಕಡೆ ನೋಡ್ಕೊಳ್ಳಿ." ಇವಳ ಅಪ್ಪ ಹಡಗಿನ ಎಂಜಿನ್ ರೂಮಿನಲ್ಲಿದ್ದಾರೆ. ಅಲ್ಲಿಂದ ನಾಲ್ಕು ಸಾಲಿನ ಸಂದೇಶ ಕಳಿಸುತ್ತಾರೆ, ನಾಲ್ಕರಲ್ಲೂ 'ಧೈರ್ಯವಾಗಿರು' ಅಂತಿರುತ್ತದೆ.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪುಸ್ತಕ. ನಾನು ಕಳಿಸಿದ ನಕ್ಷತ್ರದ ಚಾರ್ಟನ್ನು ಗೋಡೆಗೆ ಅಂಟಿಸು, ಹೇಳಿದ ಕೆಲಸ ಮಾಡಿದರೆ ಒಂದು ನಕ್ಷತ್ರ. ಅತ್ತರೆ ಹತ್ತಿರ ಹೋಗಬೇಡ, ಎತ್ತಿಕೊಳ್ಳಬೇಡ, ನಗಿಸಲಂತೂ ಬೇಡವೇ ಬೇಡ. ಮತ್ತೆ ಆ ನಿನ್ನ ಗಾಡಿ. ಕಲಿಯುವವರ ಗಾಡಿಯಲ್ಲಿ ಅವಳನ್ನು ಕೂರಿಸಿದೆ ಎಂದು ತಿಳಿದರೆ ಅವತ್ತೇ ಬಂದು ಕರೆದುಕೊಂಡು ಹೋಗುತ್ತೇನೆ.

ಈ ಸಲವಾದರೂ ನನ್ನ ಮಾತು ನಡೆಸಿಕೊಡು.

*

ಏಪ್ರಿಲ್ ೧೯

ತಂಗೀ,

ಎಲ್ಲವೂ ನೀನು ಹೇಳಿದಂತೆಯೇ ನಡೆಯುತ್ತಿದೆ. ಪುಸ್ತಕಗಳು ಚೆನ್ನಾಗಿವೆ. ಒಂದು ಹಾಳೆ ಹರಿದಿಲ್ಲ, ಒಂದು ಮೂಲೆ ಮಡಚಿಲ್ಲ, ನೀನು ಕಳಿಸಿದ ದಿನದ ಹೊಳಪು ಹಾಗೇ ಇದೆ.

ನಕ್ಷತ್ರದ ಚಾರ್ಟಂತೂ ಭರ್ತಿಯಾಗಿ ಎರಡನೆಯದು ಬೇಕಾಗಿದೆ. ಹೇಗೆಂದು ಕೇಳು. ವಕೀಲಮ್ಮ ಅದನ್ನು ಮೇಲಿಂದ ಕೆಳಗೆ ಓದಿ ನನ್ನ ಹತ್ತಿರ ಬಂದಳು. "ಮಾವ, ಪಾಠ ಓದಿದ್ರೂ ಒಂದು ನಕ್ಷತ್ರ, ಹಲ್ಲುಜ್ಜಿದ್ರೂ ಒಂದು ನಕ್ಷತ್ರ. ಹೌದಾ?" ಹೌದು ಅಂದೆ. "ಹಾಗಾದ್ರೆ ನಾನು ಹಲ್ಲೇ ಉಜ್ತೀನಿ." ಊಟಕ್ಕೆ ಮುಂಚೆ ಉಜ್ಜಿದಳು, ಊಟದ ಮೇಲೆ ಉಜ್ಜಿದಳು, ಟೀ ಕುಡಿದು ಉಜ್ಜಿದಳು. ನಿನ್ನ ಅತ್ತಿಗೆಯ ಪೇಸ್ಟು ಖಾಲಿ. ಆ ಹಲ್ಲಿನ ಡಾಕ್ಟರು ನೋಡಿ ಇಂಥ ಹಲ್ಲು ಕಂಡೇ ಇಲ್ಲ ಅಂದರು. ಈಗ ಹೇಳು, ಚಾರ್ಟು ಬರೆದವಳ ತಪ್ಪೋ, ಓದಿದವಳ ತಪ್ಪೋ?

ಆಸೆ ತೋರಿಸಿದೆ, ಪಂದ್ಯ ಕಟ್ಟಿದೆ. 'ನಿನ್ನ ಕೈಲಿ ಆಗಲ್ಲ ಬಿಡು' ಎಂದು ಕೆಣಕಿಯೂ ನೋಡಿದೆ. ಆ ಮಾತಿಗೆ ನಿವೃತ್ತ ಪೊಲೀಸ್ ಕೂಡ ಎದ್ದು ಕೂತಿದ್ದ. ಇವಳು ತಣ್ಣಗೆ "ಹೌದು ಮಾವ, ಆಗಲ್ಲ" ಎಂದು ಮಗ್ಗುಲು ಬದಲಿಸಿದಳು.

ಗಾಡಿಯ ವಿಷಯ ನೀನು ಚಿಂತಿಸಬೇಡ. ಅವಳು ಅಂಗಡಿಯಲ್ಲಿ ಫ್ಯಾನಿನ ಕೆಳಗೆ ತಂಪಾಗಿ ಕೂತಿರುತ್ತಾಳೆ. ನಮ್ಮಲ್ಲಿ ಒಬ್ಬರು ಬೇಕರಿ ಹೆಂಗಸು ಕಲಿಯುತ್ತಿದ್ದಾರೆ. ಸ್ವಂತ ವ್ಯಾನಿನಲ್ಲಿ ಕೇಕು ಹಂಚಬೇಕೆಂಬುದು ಅವರ ಆಸೆ. ವಕೀಲಮ್ಮ ಅವರಿಗೆ ಕೇಕಮ್ಮ ಎಂದು ಹೆಸರಿಟ್ಟು, ರಸ್ತೆ ಚಿಹ್ನೆಗಳನ್ನೆಲ್ಲ ಉರು ಹೊಡೆಸುತ್ತಿದ್ದಾಳೆ. ನೀರಿನ ಟ್ಯಾಂಕಿನ ಏರಿನಲ್ಲಿ ಕೇಕಮ್ಮ ಗಾಡಿಯನ್ನು ಹಿಂದಕ್ಕೆ ಬಿಟ್ಟಾಗ ಇವಳು ಹಿಂದೆ ತಿರುಗಿ ನೋಡಿ "ಕಸದ ಲಾರಿ ಬರ್ತಿದೆ, ಬ್ರೇಕ್!" ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ. ಅಂಗಡಿಯಿಂದಲೇ ಕೂಗಿದ್ದು. ಹುಡುಗಿಗೆ ಗಂಟಲು ಜೋರು.

ನಿನ್ನ ಅಣ್ಣ

*

ಏಪ್ರಿಲ್ ೨೬

ಅಣ್ಣ,

ಮಗಳ ಕಾರ್ಡು ಬಂತು. ಊಟ ಮಾಡಿದೆಯಾ, ನಿದ್ದೆ ಬಂತಾ ಏನೂ ಇಲ್ಲ. 'ಅಮ್ಮಾ, ಏರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟರೆ ಎಂಜಿನ್ ನಿಲ್ಲುತ್ತದೆ. ಅರ್ಧ ಬಿಟ್ಟು ಗಾಡಿ ಗುರ್ ಅನ್ನುವವರೆಗೆ ಕಾಯಬೇಕು. ಸೀಟಿನ ಕೆಳಗಿಂದಲೂ ಅದು ಗೊತ್ತಾಗುತ್ತದೆ.'

ಫ್ಯಾನಿನ ಕೆಳಗೆ ಕೂತವಳಿಗೆ ಯಾವ ಸೀಟಿನ ಕೆಳಗಿಂದ ಗೊತ್ತಾಯಿತು?

ನೀನು ಸುಳ್ಳು ಹೇಳುವುದು ನನಗೆ ಹೊಸದಲ್ಲ. ಆದರೆ ನೀನು ಅವಳ ಎದುರಿಗೆ ಹೇಳುತ್ತೀಯ, ಅವಳು ನೋಡಿ ನಗುತ್ತಾಳೆ, ಜೂನಿನಲ್ಲಿ ಆ ನಗುವನ್ನು ಹೊತ್ತು ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವವಳು ನಾನು. ಗಣಿತ ಎಷ್ಟು ಪಾಠ ಆಯಿತು? ಒಂದು ವಾಕ್ಯದಲ್ಲಿ ಬರೆ. ಅದೂ ಆಗದಿದ್ದರೆ ಹೇಳಿಬಿಡು, ನಾನು ಬೇರೆ ವ್ಯವಸ್ಥೆ ನೋಡಿಕೊಂಡಿದ್ದೇನೆ. ಅದೇನೆಂದು ನೀನು ಕೇಳುವುದು ಬೇಡ.

*

ಮೇ ೫

ತಂಗೀ,

ಹೌದು, ಕೂರಿಸಿಕೊಂಡೆ. ಹಿಂದಿನ ಸೀಟಿನಲ್ಲಿ, ಬೆಲ್ಟು ಬಿಗಿದು. ನನ್ನ ಕಾಲ ಕೆಳಗೆ ನನ್ನದೇ ಬ್ರೇಕಿದೆ, ಇಷ್ಟು ವರ್ಷದಲ್ಲಿ ಒಬ್ಬರ ಮೂಗಿಗೂ ತರಚು ಗಾಯವಾಗಿಲ್ಲ. ಬಂಪರಿನ ಲೆಕ್ಕ ಬೇರೆ. ಗಣಿತ ಎಷ್ಟಾಯಿತು? ಸೊನ್ನೆ. ನೀನು ಒಂದು ವಾಕ್ಯ ಕೇಳಿದ್ದೆ, ನಾನು ಒಂದೇ ಪದದಲ್ಲಿ ಮುಗಿಸಿದೆ. ಬಯ್ಯುವುದೆಲ್ಲ ಬಯ್ದು ಮುಗಿಸು, ಆಮೇಲೆ ಮುಂದಿನದನ್ನು ಓದು.

ನನ್ನ ಶಾಲೆಯಲ್ಲಿ ಒಂದು ಪದ್ಧತಿಯಿದೆ, ಬೇರೆ ಯಾವ ಡ್ರೈವಿಂಗ್ ಶಾಲೆಯಲ್ಲೂ ಇಲ್ಲ, ನಾನೇ ಕಂಡುಹಿಡಿದದ್ದು. ಮೊದಲ ದಿನ ಯಾರಿಗೂ ಗಾಡಿ ಓಡಿಸಲು ಕಲಿಸುವುದಿಲ್ಲ, ನಿಲ್ಲಿಸಲು ಕಲಿಸುತ್ತೇನೆ. ಟ್ಯಾಂಕಿನ ಏರಿಗೆ ಕರೆದೊಯ್ದು, "ಬಿಡಿ ಕ್ಲಚ್ಚು! ಪೂರ್ತಿ ಬಿಡಿ!" ಅನ್ನುತ್ತೇನೆ. ಗಾಡಿ ಮೇಕೆಯಂತೆ ಒಮ್ಮೆ ಎಗರಿ ಸತ್ತು ನಿಲ್ಲುತ್ತದೆ. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಬೇಕು. ಆಮೇಲೆ ಕೀಲಿ ತಿರುಗಿಸಿ ಮತ್ತೆ ಶುರು. ನಿಂತುಹೋದೀತು ಎಂದು ಹೆದರಿ ಕೂತವರ ಕಾಲು ಕಲ್ಲಾಗಿರುತ್ತದೆ ಕಣೇ. ಒಮ್ಮೆ ನಿಂತು, ಆಕಾಶವೇನೂ ಬೀಳಲಿಲ್ಲ ಎಂದು ತಿಳಿದ ಮೇಲೆ ಅದು ಮನುಷ್ಯರ ಕಾಲಾಗುತ್ತದೆ. ವಕೀಲಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ, ಈಗ ಚಪ್ಪಾಳೆ ಇಲಾಖೆ ಪೂರ್ತಿ ಅವಳದೇ.

ಕಳೆದ ವಾರ ಕೇಕಮ್ಮನ ಟೆಸ್ಟು. ಚಿಹ್ನೆಗಳನ್ನೆಲ್ಲ ಪಟಪಟನೆ ಹೇಳಿದರು. ಏರಿಗೆ ಬಂದಾಗ ಎಂಜಿನ್ ನಿಂತಿತು, ಇನ್ಸ್‌ಪೆಕ್ಟರು ಫೇಲು ಅಂದರು. ಇದು ಅವರಿಗೆ ಮೊದಲ ಸಲವೂ ಅಲ್ಲ. ವಾಪಸು ಬರುವಾಗ ನಿನ್ನ ಮಗಳು ಹಿಂದಿನಿಂದ, "ಆಂಟಿ, ಅಷ್ಟು ಸುಲಭದ್ದು ಬರಲ್ವಾ? ಬಿಟ್ಬಿಡಿ, ನಿಮ್ಮಿಂದ ಆಗಲ್ಲ" ಅಂದಳು.

ಕೇಕಮ್ಮ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಗದ್ದ ಒತ್ತಿ ಹಾರನ್ನು ಕೂಗತೊಡಗಿತು. ಬೀದಿಯವರೆಲ್ಲ ಕಿಟಕಿಗೆ ಬಂದರು. ಅಷ್ಟೂ ಹೊತ್ತು ಹಾರನ್ನು, ಅಷ್ಟೂ ಹೊತ್ತು ಅಳು. ಆಮೇಲೆ ಮೂಗು ಒರೆಸಿಕೊಂಡು ಗೇರು ಹಾಕಿದರು. "ಆ ಏರು ಎಲ್ಲಿದೆ, ನಡೀರಿ."

ವಕೀಲಮ್ಮನಿಗೆ ದಿಕ್ಕು ತಪ್ಪಿತು. "ಆಂಟಿ, ನೀವು ಇನ್ನೂ ಅಳ್ತಿದ್ದೀರಲ್ಲ?"

"ಅಳೋದು ಕಣ್ಣು ಕಣೇ. ಕಾಲಿಗೇನು ಬಂದಿದೆ? ಕಾಲು ಕ್ಲಚ್ ಒತ್ತುತ್ತೆ."

ಅಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಒಳ್ಳೆಯ ಸಮಯವೆಂದು, "ಪುಸ್ತಕ ತೆಗೆಯೋಣ್ವಾ ವಕೀಲಮ್ಮ?" ಅಂದೆ. ಆಗ ಹೇಳಿದ್ದು ಕೇಳು. ಅವಳ ಮಾತಿನಲ್ಲೇ ಬರೆಯುತ್ತೇನೆ.

"ಯಾಕೆ ಮಾವ? ಪಾಸಾದ್ರೂ ಅಷ್ಟೇ, ಫೇಲಾದ್ರೂ ಅಷ್ಟೇ. ಅಮ್ಮ ನನ್ನ ಹಾಸ್ಟೆಲ್ಲಿಗೆ ಹಾಕ್ತಾಳೆ. ದರ್ಜಿ ಹತ್ರ ನೀಲಿ ಬಟ್ಟೆಗೆ ನನ್ನ ಅಳತೆ ಕೊಟ್ಲು. ನಮ್ಮ ಶಾಲೇದು ಹಸಿರು."

ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು. ಅದಕ್ಕೆ ಮಾತ್ರ ಅತ್ತಳು. ನಾನು ಹತ್ತಿರ ಹೋದೆ, ಎತ್ತಿಕೊಂಡೆ, ನಗಿಸಲೂ ನೋಡಿದೆ. ನಿನ್ನ ಮೂರೂ ಕಟ್ಟಳೆ ಒಟ್ಟಿಗೆ ಮುರಿದೆ.

ನಾವಿಬ್ಬರೂ ಅವಳು ಸೋಮಾರಿ ಎಂದುಕೊಂಡು ಕೂತಿದ್ದೆವು. ನೀನು ಹೇಳು, ಆ ನೀಲಿ ಬಟ್ಟೆ ಯಾವುದು?

ನಿನ್ನ ಅಣ್ಣ

*

ಮೇ ೧೯

ಅಣ್ಣ,

ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ.

ಹೌದು, ಹಾಸ್ಟೆಲ್ಲಿನ ಶಾಲೆಗೆ ಅರ್ಜಿ ಕೊಟ್ಟಿದ್ದೇನೆ. ನಮ್ಮ ಆಫೀಸಿನ ಹಿರಿಯರೊಬ್ಬರು, ಅಲ್ಲಿ ಎಂಥ ಮಕ್ಕಳನ್ನೂ ನೆಟ್ಟಗೆ ಮಾಡುತ್ತಾರೆ ಅಂದರು. ದರ್ಜಿಯ ಹತ್ತಿರ ಅವಳು ಕತೆ ಪುಸ್ತಕದಲ್ಲಿ ಮುಳುಗಿದ್ದಳು, ಬಣ್ಣ ನೋಡಲಿಲ್ಲ ಎಂದುಕೊಂಡಿದ್ದೆ.

ನೀನು ನನ್ನನ್ನು ಕಟುಕಿಯಂತೆ ನೋಡಬೇಡ. ನಿನಗೆ ಅವಳು ರಜೆಯ ಸೊಸೆ, ನನಗೆ ವರ್ಷವಿಡೀ ಮಗಳು. ಕಾಲುಚೀಲದ ಹೊಲಿಗೆ ಬೆರಳಿಗೆ ಚುಚ್ಚಿತೆಂದು ಬೆಳಿಗ್ಗೆ ಶುರುವಾದ ರಂಪ ಶಾಲೆಯ ಬಸ್ಸು ಹೋದ ಮೇಲೂ ಮುಗಿಯುವುದಿಲ್ಲ. ನಾನು ಕೋರ್ಟಿಗೆ ತಡವಾಗಿ ಓಡುತ್ತೇನೆ. ಸಂಜೆ ಬಂದರೆ, ಗ್ರಹಣ ಹೇಗೆ ಹಿಡಿಯುತ್ತದೆಂದು ಕಿತ್ತಳೆ ಹಣ್ಣಿಟ್ಟು ನನಗೇ ಪಾಠ ಹೇಳುತ್ತಾಳೆ. ಅದೇ ಗ್ರಹಣವನ್ನು ಕಾಗದದ ಮೇಲೆ ಬರೆ ಅಂದರೆ ಕಲ್ಲು. ಯಾವ ಮಗಳನ್ನು ನಂಬಲಿ? ಎಲ್ಲರೂ ನನ್ನನ್ನೇ ನೋಡುತ್ತಾರೆ. ತಾಯಿಗೆ ಬೆಳೆಸಲು ಬರಲಿಲ್ಲ ಅನ್ನುವ ನೋಟ ಅದು.

ಪಾಸಾದರೆ ಹಾಸ್ಟೆಲ್ಲಿಗೆ ಕಳಿಸುವುದಿಲ್ಲ. ಇದನ್ನು ಅವಳಿಗೆ ಹೇಳು, ಅದರಿಂದಲಾದರೂ ಓದಲಿ.

*

ಮೇ ೨೩

ತಂಗೀ,

ಹೇಳುವುದಿಲ್ಲ.

ಪಾಸಾದರೆ ಮಗಳು, ಫೇಲಾದರೆ ಹಾಸ್ಟೆಲ್ಲಿನವಳು! ಇದು ಯಾವ ಕೋರ್ಟಿನ ತೀರ್ಪು? ನಿನ್ನ ಕೋರ್ಟಿನಲ್ಲಿ ಕಳ್ಳನಿಗೂ ಮೇಲಿನ ಕೋರ್ಟಿದೆ. ನನ್ನ ಗಾಡಿಯಲ್ಲಿ ನೂರು ಸಲ ಎಂಜಿನ್ ನಿಲ್ಲಿಸಿದವರನ್ನೂ ನಾನು ರಸ್ತೆಯ ಮೇಲೆ ಇಳಿಸಿ ಬಂದಿಲ್ಲ.

ನಿನಗೆ ಬೆಳೆಸಲು ಬರಲಿಲ್ಲ ಎಂದು ಯಾರು ನೋಡುತ್ತಾರೋ ಅವರನ್ನು ಇಲ್ಲಿಗೆ ಕಳಿಸು, ಏರಿನಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತೇನೆ. ಸುಸ್ತಾಗಿದ್ದರೆ ಸುಸ್ತಾಗಿದೆ ಅನ್ನು, ನಾನು ಬಂದು ತಿಂಗಳುಗಟ್ಟಲೆ ಬೇಕಾದರೂ ಇದ್ದು ಕಾಲುಚೀಲ ಹಾಕಿಸುತ್ತೇನೆ. ಆದರೆ ಸುಸ್ತನ್ನು ಶಿಸ್ತು ಎಂದು ಕರೆದು ಹುಡುಗಿಯ ಅಳತೆ ತೆಗೆಸಬೇಡ.

ಪಾಸೋ ಫೇಲೋ, ಮನೆ ನಿನ್ನದೇ ಎಂದು ನೀನೇ ಅವಳಿಗೆ ಬರೆ. ಆಮೇಲೂ ಅವಳು ಪುಸ್ತಕ ಮುಟ್ಟದಿದ್ದರೆ ಈ ಮೀಸೆ ಬೋಳಿಸಿಕೊಂಡು ಬೋರ್ಡಿನ ಕೆಳಗೆ ಕೂರುತ್ತೇನೆ. ಇಂಥ ಮೀಸೆ ಬೇರೆಲ್ಲೂ ಇಲ್ಲವೆಂದು ನಿನಗೇ ಗೊತ್ತು.

ನಿನ್ನ ಅಣ್ಣ

*

ಮೇ ೨೭

ಅಣ್ಣ,

ನಿನ್ನ ಮೀಸೆ ನನಗೆ ಬೇಡ. ದರ್ಜಿಗೆ ಬಟ್ಟೆ ಕತ್ತರಿಸಬೇಡಿ ಅಂದೆ. ಒಳಗಿರುವ ಕಾರ್ಡು ಅವಳಿಗೆ. ನೀನು ಓದಬೇಡ.

*

ಜೂನ್ ೧

ತಂಗೀ,

ಕಾರ್ಡನ್ನು ನಾನು ಓದಲಿಲ್ಲ. ಕೊನೆಯ ಸಾಲು ಬಹಳ ಚೆನ್ನಾಗಿದೆ.

ಅವಳು ಅದನ್ನು ಓದಿ, ಮಡಚಿ, ದಿಂಬಿನ ಕವರಿನೊಳಗೆ ಹಾಕಿಕೊಂಡಳು. ಸಂತೋಷ ಪಟ್ಟಳೆಂದು ತಿಳಿಯಬೇಡ. ಇಡೀ ದಿನ ನನ್ನ ಮೇಲೆ, ಅತ್ತಿಗೆಯ ಮೇಲೆ, ಫ್ಯಾನಿನ ಮೇಲೆ ಹರಿಹಾಯ್ದಳು. ನಾನು ಮೀಸೆ ಸವರಿಕೊಂಡು ಕ್ಷೌರಿಕನ ಬೀದಿ ತಪ್ಪಿಸಿ ಓಡಾಡಿದೆ. ಮರುದಿನ ಬೆಳಿಗ್ಗೆ ತಾನೇ ಗಣಿತದ ಪುಸ್ತಕ ತೆಗೆದಳು. ಹಿಂದಿನ ಅಧ್ಯಾಯಗಳನ್ನೆಲ್ಲ ಕಣ್ಣಲ್ಲೇ ಮುಗಿಸಿದಳು. ಭಿನ್ನರಾಶಿಯ ಒಂದು ಲೆಕ್ಕ ಬರಲಿಲ್ಲ. ನಿಜವಾಗಿಯೂ ಬರಲಿಲ್ಲ. ಅವಳ ಮುಖ ನೋಡಬೇಕಿತ್ತು, ಯಾರೋ ಕೆನ್ನೆಗೆ ಹೊಡೆದಂತೆ. ಇಷ್ಟು ವರ್ಷ ಬಂದದ್ದನ್ನಷ್ಟೇ ಮುಟ್ಟಿದವಳು ಇವಳು, ಬಾರದ್ದರ ಹತ್ತಿರ ಸುಳಿದೇ ಇಲ್ಲ. ಅದಕ್ಕೇ ಅಲ್ಲವೇ 'ಹೌದು ಮಾವ, ಆಗಲ್ಲ' ಅಂದದ್ದು?

ಪುಸ್ತಕ ಕಿಟಕಿಯಿಂದ ಹಾರಿತು. ಕಾಲು ಬಡಿದಳು, ಅತ್ತಳು. ನಾನು ಟೀ ಕುಡಿಯುತ್ತಾ ಕೂತಿದ್ದೆ, ಈ ಸಲ ಎತ್ತಿಕೊಳ್ಳಲಿಲ್ಲ, ಪಕ್ಕದಲ್ಲೇ ಇದ್ದೆ. ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋಗಿ, ಪುಸ್ತಕ ತಂದು, ಧೂಳು ಕೊಡವಿ, ಸಿಟ್ಟಿನಿಂದ ಒಂದು ಚಪ್ಪಾಳೆ ತಟ್ಟಿ ಮತ್ತೆ ಕೂತಳು. ನಾನು ಹೇಳಿಕೊಟ್ಟದ್ದಲ್ಲ. ಹೇಳಿಕೊಟ್ಟದ್ದು ನಾನೇ ಎಂದು ಬೇರೆಯವರಿಗೆ ಹೇಳುತ್ತಿದ್ದೇನೆ, ಅದು ಬೇರೆ ವಿಷಯ.

ನಾಳೆಯ ಬಸ್ಸಿಗೆ ಕಳಿಸುತ್ತೇನೆ. ಎಲ್ಲ ಪಾಠ ಮುಗಿದಿಲ್ಲ. ಅಳುವುದೂ ನಿಂತಿಲ್ಲ. ಅದು ನಿಲ್ಲಬೇಕಾಗಿಯೂ ಇಲ್ಲ.

ನಿನ್ನ ಅಣ್ಣ

*

ಜೂನ್ ೯

ಅಣ್ಣ,

ಭಾಷೆ ಮತ್ತು ವಿಜ್ಞಾನ ಬರೆದಳು. ಎರಡರಲ್ಲೂ ಹಾಳೆ ತುಂಬಿಸಿದ್ದಾಳೆ. ನಿನ್ನೆ ಗಣಿತ. ಹನ್ನೊಂದರ ಸುಮಾರಿಗೆ ಕೋರ್ಟಿಗೆ ಫೋನು ಬಂತು, ಕೂಡಲೇ ಬನ್ನಿ ಅಂತ. ಅರ್ಧ ಟೈಪು ಮಾಡಿದ ಹಾಳೆಯನ್ನು ಮಿಷಿನ್ನಿನಲ್ಲೇ ಬಿಟ್ಟು ಓಡಿದೆ.

ಹೆಡ್‌ಮಿಸ್ಟ್ರೆಸ್ ಕೋಣೆಯ ಹೊರಗೆ ನಿಂತಿದ್ದಳು. ಮುಖವೆಲ್ಲ ಕೆಂಪು, ಮೂಗು ಸೋರುತ್ತಿದೆ, ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದಾಳೆ. ಒಳಗೆ ಮೇಲ್ವಿಚಾರಣೆಯ ಟೀಚರು ಉರಿಯುತ್ತಿದ್ದರು. "ನಿಮ್ಮ ಮಗಳು ಪರೀಕ್ಷೆ ಮಧ್ಯೆ ಚಪ್ಪಾಳೆ ತಟ್ತಾಳೆ ರೀ! ಅಳ್ತಾಳೆ, ಚಪ್ಪಾಳೆ ತಟ್ತಾಳೆ, ಮತ್ತೆ ಬರೀತಾಳೆ. ನಾನು ಹೋಗಿ ಗದರಿಸಿದ್ರೆ 'ನಿಂತಿತ್ತು ಟೀಚರ್, ಈಗ ಶುರುವಾಯ್ತು' ಅಂತಾಳೆ. ಅಣಕಿಸ್ತಿದ್ದಾಳಾ ನನ್ನ?"

ಅಣ್ಣ, ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ.

"ಇದು ನಗೋ ವಿಷಯ ಅಲ್ಲ" ಅಂದರು ಹೆಡ್‌ಮಿಸ್ಟ್ರೆಸ್.

"ಅಲ್ಲ ಮೇಡಂ" ಎಂದು ನಿನ್ನ ಏರು, ನಿನ್ನ ಗಾಡಿ, ಕೇಕಮ್ಮ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅವರ ಹುಬ್ಬು ಮೇಲೇರುತ್ತಾ ಹೋಯಿತು. ಕೊನೆಗೆ ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಟೀಚರನ್ನು ಬೇಕೆಂದೇ ಅಣಕಿಸಿದ್ದಕ್ಕೆ ಕ್ಷಮೆ ಕೇಳಿ ಅವಳು ಬರೆಯಬೇಕು, ನಾನು ಸಹಿ ಹಾಕಬೇಕು. ಇಲ್ಲದಿದ್ದರೆ ಪೇಪರು ರದ್ದು.

ನಾನು ಪೆನ್ನು ತೆಗೆದಿದ್ದೆ. ಸುಳ್ಳು ಹೇಳುವುದಿಲ್ಲ, ತೆಗೆದಿದ್ದೆ. ಹತ್ತು ವರ್ಷದಿಂದ ಇವಳ ಪರವಾಗಿ ಕ್ಷಮೆ ಕೇಳಿ ಕೇಳಿ ಕೈಗೆ ರೂಢಿಯಾಗಿದೆ. ಬಾಗಿಲಿನಿಂದ ಇವಳು, "ಅಮ್ಮಾ, ಸದ್ದು ಮಾಡಿದ್ದಕ್ಕೆ ಸಾರಿ ಬರೀತೀನಿ. ಅಣಕಿಸಿದ್ದಕ್ಕೆ ಬರಿಯಲ್ಲ. ನಾನು ಅಣಕಿಸಿಲ್ಲ" ಅಂದಳು.

ಮಾಡದ ತಪ್ಪನ್ನು ಒಪ್ಪಿಕೊಂಡವರ ಹೇಳಿಕೆಗಳನ್ನು ಎಷ್ಟೋ ಟೈಪು ಮಾಡಿದ್ದೇನೆ. ಸಹಿ ಹಾಕುವಾಗ ಅವರು ಕಾಗದ ನೋಡುವುದಿಲ್ಲ, ಕಿಟಕಿ ನೋಡುತ್ತಾರೆ. ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು. ಪೆನ್ನಿನ ಮುಚ್ಚಳ ಹಾಕಿದೆ.

"ಸದ್ದಿಗೆ ಅವಳು ಬರೀತಾಳೆ ಮೇಡಂ. ಇನ್ನೊಂದಕ್ಕೆ ಬರಿಯಲ್ಲ, ನಾನೂ ಬರೆಸಲ್ಲ."

"ಹಾಗಾದ್ರೆ ಇಂಥ ಮಗೂಗೆ ಹಾಸ್ಟೆಲ್ಲೇ ಸರಿ. ಶಿಫಾರಸು ಬೇಕಾದ್ರೆ ನಾನೇ ಕೊಡ್ತೀನಿ."

ಇದೇ ಮಾತನ್ನು ಮಾರ್ಚಿನಲ್ಲಿ ಅವರು ಹೇಳಿದ್ದರೆ ಕೈ ಮುಗಿಯುತ್ತಿದ್ದೆ. "ಇವಳು ಎಲ್ಲಿಗೂ ಹೋಗಲ್ಲ" ಅಂದೆ. "ನೀವು ಕೆಳಗಿನ ಕ್ಲಾಸಲ್ಲಿ ಕೂರಿಸಿ, ಮೇಲಿನದ್ರಲ್ಲಿ ಕೂರಿಸಿ, ಸಂಜೆಗೆ ನನ್ನ ಮನೆಗೇ ಬರ್ತಾಳೆ. ಈಗ ಇನ್ನೂ ಟೈಮಿದೆ. ಪೇಪರು ಮುಗಿಸಲಿ." ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಕಾರಿಡಾರಿನ ಗಂಟೆ ಹೊಡೆಯುವವನು ಒಳಗೆ ಇಣುಕಿದ. ನಾನು ನಿನ್ನ ತಂಗಿ ಅನ್ನುವುದು ನನಗೇ ಆಗ ಗೊತ್ತಾಯಿತು.

ಹೆಡ್‌ಮಿಸ್ಟ್ರೆಸ್ ಮೇಜಿನ ಡ್ರಾಯರು ಎಳೆದರು. ಆಮೇಲೆ ಬೀಗದ ಕೈ ತೆಗೆದು, ಆಟದ ಸಾಮಾನಿನ ಕೋಣೆ ತೋರಿಸಿದರು. ಗಾಳಿ ಹೋದ ಚೆಂಡುಗಳ ಮಧ್ಯೆ ಬೆಂಚು ಹಾಕಿಸಿ, ಅಲ್ಲಿ ಎಷ್ಟು ಬೇಕಾದರೂ ತಟ್ಟಿಕೊಳ್ಳಲಿ ಅಂದರು. ನಾನು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತೆ. ಒಳಗೆ ಚಪ್ಪಾಳೆ ಕೇಳಿಸುತ್ತಲೇ ಇತ್ತು.

ಫಲಿತಾಂಶ ಮುಂದಿನ ವಾರ. ಏನಾಗುತ್ತದೋ ಗೊತ್ತಿಲ್ಲ. ಭಯವಿದೆ. ಆದರೂ ಬೆನ್ನು ನೆಟ್ಟಗಿದೆ.

*

ಜೂನ್ ೧೩

ತಂಗೀ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ನಿವೃತ್ತ ಪೊಲೀಸು ಎದ್ದು ಸೆಲ್ಯೂಟು ಹೊಡೆದ. ಹೆಡ್‌ಮಿಸ್ಟ್ರೆಸ್ ಎದುರು ನೀನು ಕೂಗಿದ್ದನ್ನು ನಾನು ಸ್ವಲ್ಪ ಉದ್ದ ಮಾಡಿ, ಮೇಜು ಗುದ್ದಿದ್ದನ್ನೂ ಸೇರಿಸಿದೆ. ಯಾರಾದರೂ ಕೇಳಿದರೆ ಗುದ್ದಿದ್ದೆ ಅನ್ನು.

ಕೇಕಮ್ಮ ಮತ್ತೆ ಟೆಸ್ಟಿಗೆ ಹೋದರು. ಏರನ್ನು ಬೆಣ್ಣೆಯಂತೆ ಹತ್ತಿದರು. ಆ ಖುಷಿಯಲ್ಲಿ ಇಳಿಯುವಾಗ ಇನ್ಸ್‌ಪೆಕ್ಟರ ಕಡೆಗೆ ಪೂರ್ತಿ ತಿರುಗಿ "ಒಂದು ಪೀಸ್ ಕೇಕು ತಿಂತೀರಾ ಸಾರ್?" ಅಂದರು. ಫೇಲು. ಮುಂದಿನ ತಾರೀಖು ಬರೆಸಿಯೇ ಮನೆಗೆ ಹೋದರು.

ಫಲಿತಾಂಶದ ದಿನ ನಾನು ಗಾಡಿ ತೆಗೆದುಕೊಂಡು ಬರಲೇ? ಶಾಲೆಯ ಗೇಟಿನ ಮುಂದೆ ನಿಲ್ಲಿಸಿ ಹಾರನ್ನು ಬಾರಿಸುತ್ತೇನೆ. ಬೇಡ ಅಂದರೂ ಬರುವ ಮನಸ್ಸಿದೆ.

ನಿನ್ನ ಅಣ್ಣ

*

ಜೂನ್ ೨೦

ಅಣ್ಣ,

ಬರಬೇಡ. ಬಂದು ಹೊಗಳಲೂ ಬೇಡ. ಇನ್ನು ಸ್ವಲ್ಪ ದಿನ ಯಾರೂ ಇವಳನ್ನು ಮೆಚ್ಚಬೇಡಿ, ದಯವಿಟ್ಟು.

ಎರಡರಲ್ಲಿ ಪಾಸು. ಗಣಿತದಲ್ಲಿ ಫೇಲು. ನಾಲ್ಕನೆಯ ಲೆಕ್ಕ ಬರಲಿಲ್ಲವಂತೆ, ಅದನ್ನು ಬಿಟ್ಟು ಮುಂದೆ ಹೋಗಲೇ ಇಲ್ಲ. ಉಳಿದ ಹೊತ್ತೆಲ್ಲ ಅದರ ಜೊತೆಗೇ ಗುದ್ದಾಡಿದ್ದಾಳೆ. ಆಮೇಲಿನವು ಅವಳಿಗೆ ನೀರು ಕುಡಿದಷ್ಟು ಸುಲಭ, ಮುಟ್ಟಿಯೇ ಇಲ್ಲ. ಹೆಡ್‌ಮಿಸ್ಟ್ರೆಸ್ ಉತ್ತರ ಪತ್ರಿಕೆ ತಿರುವಿ ಹಾಕುತ್ತಾ, "ಹೊಡೆದು ಹಾಕಿದ್ದೇ ಮೂರು ಪುಟ ಇದೆ ರೀ" ಅಂದರು. ಬಯ್ಯುತ್ತಿದ್ದಾರೋ ಏನೋ ತಿಳಿಯಲಿಲ್ಲ. ಮೇಲಿನ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ, ಆದರೆ ಅರ್ಧವಾರ್ಷಿಕದ ಹೊತ್ತಿಗೆ ಗಣಿತ ಮತ್ತೆ ಬರೆಯಬೇಕು. ಆಗಲೂ ಆಗದಿದ್ದರೆ ಕೆಳಗೆ. ಹಾಸ್ಟೆಲ್ಲಿನ ಅರ್ಜಿ ವಾಪಸು ಪಡೆದೆ, ಅದನ್ನು ಯಾರೂ ಕೇಳುವ ಮೊದಲೇ.

ಫೇಲು ಎಂದು ಕೇಳಿದಾಗ ಶಾಲೆಯ ಅಂಗಳದಲ್ಲೇ ಅತ್ತಳು, ಎಲ್ಲರೆದುರು. ನಾನು ಸುಮ್ಮನಿರು ಅನ್ನಲಿಲ್ಲ. ಬ್ಯಾಗು ಹಿಡಿದುಕೊಂಡು ನಿಂತೆ. ನೋಡುವವರು ನೋಡಿದರು.

ಈಗ ಮನೆಯಲ್ಲಿ ಕರೆಂಟಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಬೆಳಕಿದೆ ಎಂದು ಆ ನಾಲ್ಕನೆಯ ಲೆಕ್ಕ ಎತ್ತಿಕೊಂಡು ಹೋಗಿ ಕೂತಿದ್ದಾಳೆ. ಬಿಕ್ಕುವುದು ಇಲ್ಲಿಗೆ ಕೇಳಿಸುತ್ತಿದೆ. ಈಗಷ್ಟೇ ಮೇಲಿನ ಮನೆಯ ಯಜಮಾನರು ತರಕಾರಿ ಚೀಲ ಹಿಡಿದು ಹತ್ತಿ ಬಂದವರು ಅವಳ ಮುಂದೆ ನಿಂತರು.

"ಯಾಕಮ್ಮ ಅಳ್ತಿದ್ದೀಯಾ? ಯಾರು ಹೊಡೆದ್ರು?"

"ಯಾರೂ ಹೊಡೆದಿಲ್ಲ ಅಂಕಲ್, ಲೆಕ್ಕ ಮಾಡ್ತಿದ್ದೀನಿ. ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬೆಳಕಿಗೆ ಅಡ್ಡ ಬರ್ತಿದ್ದೀರ."